ಮೇಷ್ಟ್ರ ಟ್ರಂಕು ಮತ್ತು ನ್ಯೂಜಿಲೆಂಡಿನ ಮುಯ್ಯಿ

ಕಳೆದ ವರ್ಷ ಯುಗಾದಿಗೆ ಇನ್ನೂ ಎರಡು ವಾರ ಇತ್ತು. ಮೇಷ್ಟ್ರ ಹೆಂಡತಿ ಫೋನ್ ಮಾಡಿದರು. "ಮನೆಗೆ ಸುಣ್ಣ ಹೊಡೆಸ್ತಾ ಇದೀನಿ. ಆ ಕೋಣೇಲಿರೋ ಪೇಪರು, ಬುಕ್ಕು ಎಲ್ಲಾ ಗುಜರಿಯವನಿಗೆ ಹಾಕ್ಬಿಡ್ತೀನಿ. ನಿಮಗೇನಾದ್ರೂ ಬೇಕಾ?"

ನಾವು ಅಂದರೆ ಮೂವರು. ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ ಬಂದವರು. ಒಬ್ಬ ಡಿಟಿಪಿ ಅಂಗಡಿ ಇಟ್ಟಿದ್ದಾನೆ, ಒಬ್ಬಳು ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಒಬ್ಬ ಅಡಿಕೆ ತೋಟದ ನಡುವೆ ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತಾನೆ. ಮೂವರೂ ಬೈಕಿನಲ್ಲಿ ಹೋಗುವಷ್ಟರಲ್ಲಿ ಗುಜರಿ ಗಾಡಿ ಬಾಗಿಲಲ್ಲಿ ನಿಂತಿತ್ತು. ತಕ್ಕಡಿ ಇಳಿಸಿಯಾಗಿತ್ತು.

ಕೋಣೆಯಲ್ಲಿ ಎರಡು ಕಬ್ಬಿಣದ ಟ್ರಂಕು, ಒಂದು ಮರದ ಬೀರು. ಬೀರುವಿನ ಕೆಳಗಿನ ಎರಡು ಅಂಕಣವನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಒಂದು ಪುಸ್ತಕ ಎಳೆದರೆ ರಟ್ಟು ಮಾತ್ರ ಕೈಗೆ ಬಂತು, ಒಳಗೆ ಹುತ್ತ. ಮೇಲಿನ ಅಂಕಣಗಳು ಉಳಿದಿದ್ದವು. ಟ್ರಂಕುಗಳಲ್ಲಿ ನಮ್ಮ ತಾಲೂಕಿನಲ್ಲಿ ಒಂದು ಕಾಲಕ್ಕೆ ಬರುತ್ತಿದ್ದ ವಾರಪತ್ರಿಕೆಯ ಕಟ್ಟುಗಳು, ಶಾಲೆ ಮಕ್ಕಳ ಕೈಬರಹದ ಪತ್ರಿಕೆಯ 11 ಸಂಚಿಕೆ, ಉದ್ದನೆಯ ಮೂರು ಲೆಕ್ಕದ ಪುಸ್ತಕ.

ಗುಜರಿಯವನು ಒಳ್ಳೆಯವನು. "ಕೆಜಿಗೆ 12 ರೂಪಾಯಿ ಆಗುತ್ತೆ ಅಷ್ಟೇ. ನೀವೇ ತಗೊಳ್ರಪ್ಪಾ" ಅಂದು ಹೋದ. ಅಜ್ಜಿ ನಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ. "ಅವರಿದ್ದಾಗಲೇ ಮಾಡ್ತೀವಿ ಅಂದಿದ್ರಲ್ಲ, ಈಗಲಾದ್ರೂ ಮಾಡಿ" ಅಂದರು.

ಆ ಮಾತು ನಮಗೆ ಚುಚ್ಚಿತು. ಯಾಕೆ ಅಂತ ಹೇಳಬೇಕು.

ಮೇಷ್ಟ್ರು 1972ರಲ್ಲಿ ಊರಿನ ಯುವಕರ ಜೊತೆ ಸೇರಿ ಒಂದು ವಾಚನಾಲಯ ಶುರು ಮಾಡಿದ್ದರು. ದೇವಸ್ಥಾನದ ಪಕ್ಕದ ಚಾವಡಿ, ಎರಡು ಬೆಂಚು, ಒಂದು ಲಾಟೀನು. ಸುಮಾರು ಇಪ್ಪತ್ತೈದು ವರ್ಷ ನಡೆಯಿತು. ಚಾವಡಿ ಬಿದ್ದ ಮೇಲೆ ಪುಸ್ತಕಗಳು ಅವರ ಮನೆಗೆ ಬಂದವು. ನಾವು ಕಾಲೇಜಿನಲ್ಲಿದ್ದಾಗ ರಜೆಗೆ ಬಂದು ಪಟ್ಟಿ ಮಾಡಲು ಕುಳಿತಿದ್ದೆವು. ಮೇಷ್ಟ್ರು ಒಂದೊಂದು ಪುಸ್ತಕ ಕೈಗೆ ತೆಗೆದುಕೊಂಡು ಹೇಳುವರು, ನಾವು ಕಂಪ್ಯೂಟರಿನಲ್ಲಿ ಒತ್ತುವುದು. ಹೆಸರು, ಬರೆದವರು ಇಷ್ಟೇ ಅಲ್ಲ. ಈ ಪುಸ್ತಕ ಯಾರು ಕೊಟ್ಟರು, ಯಾವ ಮದುವೆಯಲ್ಲಿ ಉಡುಗೊರೆ ಬಂದದ್ದು, ಯಾರು ಇದನ್ನು ನಾಲ್ಕು ಸಲ ಓದಿದರು, ಯಾವ ಪುಟದಲ್ಲಿ ಯಾಕೆ ಕಾಫಿ ಕಲೆ. ಸುಮಾರು 400 ಪುಸ್ತಕ ಆಗಿತ್ತು.

ಆಮೇಲೆ ಆ ಕಂಪ್ಯೂಟರ್ ಹಾಳಾಯಿತು. ಪೆನ್‌ಡ್ರೈವಿನಲ್ಲಿದ್ದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಕೊಂಬು ಇಟ್ಟಂಥ ಸಾಲುಗಳು. ಕೆಟ್ಟುಹೋಗಿದೆ ಅಂದುಕೊಂಡು ನಾವೇ ಅಳಿಸಿದೆವು. ಪೆನ್‌ಡ್ರೈವಿಗೆ ಸಿನಿಮಾ ತುಂಬಿಕೊಂಡೆವು.

ಅದು ಕೆಟ್ಟಿರಲಿಲ್ಲ. ಹಳೆಯ ಕನ್ನಡ ಫಾಂಟುಗಳು ನಿಜವಾಗಿ ಕನ್ನಡವನ್ನು ಉಳಿಸುತ್ತಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರದ ಜಾಗವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿದ್ದವು. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಯುನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಹಾಗಾಗಿ ನಿಮ್ಮ ಫೋನಿನಲ್ಲಿ ಈ ಬರಹ ಸರಿಯಾಗಿ ಕಾಣುತ್ತಿದೆ. ಹಳೆಯ ಫೈಲನ್ನು ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಐದು ನಿಮಿಷದ ಕೆಲಸ. ಅದು ನಮಗೆ ತಿಳಿಯುವ ಹೊತ್ತಿಗೆ ಫೈಲು ಇರಲಿಲ್ಲ. ಇನ್ನೊಂದು ಸಲ ಹೇಳಿ ಮೇಷ್ಟ್ರೇ ಅಂತ ಕೇಳೋಣ ಅಂದರೆ ಎರಡು ವರ್ಷದ ಹಿಂದೆ ಅವರೂ ಹೋದರು.

ಹೀಗೆ ಒಂದು ಸಲ ಕಳೆದುಕೊಂಡವರು ನಾವು. ಆದ್ದರಿಂದ ಈ ಸಲ ಮೊದಲು ಕಲಿಯೋಣ, ಆಮೇಲೆ ಕೈ ಹಾಕೋಣ ಅಂದುಕೊಂಡೆವು.

ತಾಲೂಕಿನ ಕಾಲೇಜೊಂದರ ಗ್ರಂಥಪಾಲಕರನ್ನು ಹೋಗಿ ಕಂಡೆವು. ಅವರ ಕಥೆಯೂ ನಮ್ಮಂಥದ್ದೇ. ಹಿಂದೆ ಇದ್ದ ಕಾಲೇಜಿನಲ್ಲಿ ದುಡ್ಡು ಕೊಟ್ಟು ಒಂದು ತಂತ್ರಾಂಶ ತಂದಿದ್ದರಂತೆ. ಮಾರಿದ ಕಂಪನಿ ಬಾಗಿಲು ಹಾಕಿತು, ಲೈಸೆನ್ಸ್ ಮುಗಿಯಿತು, ಒಳಗಿದ್ದ ಪಟ್ಟಿ ಒಳಗೇ ಉಳಿಯಿತು. "ಬೀಗ ನಮ್ಮದು, ಬೀರು ನಮ್ಮದು, ಕೀಲಿ ಮಾತ್ರ ಅವರ ಹತ್ತಿರ" ಅಂದರು. ಆಮೇಲೆ ಕೇಳಿದರು, "ಕೊಹಾ ಅಂತ ಇದೆ, ಗೊತ್ತಾ?"

ಗೊತ್ತಿರಲಿಲ್ಲ. ಆ ಕಥೆ ನಿಮಗೂ ಹೇಳುತ್ತೇವೆ. ಅದು ನಮ್ಮಂಥ ಸಣ್ಣ ಊರಿನದೇ ಕಥೆ.

ನ್ಯೂಜಿಲೆಂಡ್ ಅಂದರೆ ನಮಗೆ ಕ್ರಿಕೆಟ್ಟು, ಹಾಲು, ಕುರಿ. ಅಲ್ಲಿನ ರಾಜಧಾನಿ ವೆಲ್ಲಿಂಗ್ಟನ್. ಅದರ ಉತ್ತರಕ್ಕೆ ಹೊರೊಫೆನುವಾ ಎಂಬ ಬೇಸಾಯದ ಪ್ರದೇಶ ಇದೆ, ಅಲ್ಲಿನ ಮುಖ್ಯ ಪೇಟೆ ಲೆವಿನ್. 1999ರಲ್ಲಿ ಅಲ್ಲಿನ ಗ್ರಂಥಾಲಯ ಟ್ರಸ್ಟಿಗೆ ಒಂದು ತಲೆನೋವು ಬಂತು. ಅವರ ಹಳೆಯ ಗ್ರಂಥಾಲಯ ತಂತ್ರಾಂಶ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದುಕೊಳ್ಳುತ್ತಿತ್ತು. 99 ಆದ ಮೇಲೆ 00. ಕಂಪ್ಯೂಟರು ಅದನ್ನು 1900 ಅಂದುಕೊಂಡರೆ ಪುಸ್ತಕ ವಾಪಸ್ ಕೊಡುವ ದಿನಾಂಕದ ಲೆಕ್ಕವೆಲ್ಲ ಗೋವಿಂದ. ಜಗತ್ತೆಲ್ಲ ಆಗ ವೈಟುಕೆ ಅಂತ ಹೆದರಿದ್ದು ಇದಕ್ಕೇ.

ಹೊಸ ತಂತ್ರಾಂಶ ಕೊಳ್ಳೋಣ ಅಂದರೆ ದೊಡ್ಡ ಗ್ರಂಥಾಲಯಗಳಿಗೆ ಮಾಡಿದ್ದು, ದೊಡ್ಡ ಬೆಲೆ. ಅದನ್ನು ಓಡಿಸಲು ಬೇಕಾದ ದುಬಾರಿ ಸಂಪರ್ಕ ಅವರ ಸಣ್ಣ ಶಾಖೆಗಳಿಗೆ ಇರಲಿಲ್ಲ. ಆಗ ಕಟಿಪೊ ಎಂಬ ಅಲ್ಲಿನ ಪುಟ್ಟ ಕಂಪನಿ, ನಾವೇ ಹೊಸದಾಗಿ ಬರೆಯೋಣ ಅಂದಿತು. ಬರೆದರು. 2000ದ ಜನವರಿ ಮೊದಲ ವಾರದಲ್ಲಿ ಅದು ಕೆಲಸ ಶುರು ಮಾಡಿತು.

ಇಲ್ಲಿಗೆ ಮುಗಿದಿದ್ದರೆ ಒಂದು ಊರಿನ ಕಥೆ ಅಷ್ಟೇ. ಆದರೆ ಟ್ರಸ್ಟಿನವರು ಕಂಪನಿಯವರು ಕೂತು ಯೋಚಿಸಿದರು. ಇದನ್ನು ಮಾರಿಕೊಂಡು ತಿರುಗುವುದು ನಮ್ಮ ಕಸುಬಲ್ಲ, ನಾವಿಬ್ಬರೇ ಇಟ್ಟುಕೊಂಡರೆ ರಿಪೇರಿಯೂ ನಮ್ಮ ತಲೆಗೇ. ಎಲ್ಲರಿಗೂ ಕೊಟ್ಟುಬಿಡೋಣ. ಜಿಪಿಎಲ್ ಎಂಬ ಪರವಾನಗಿಯಡಿ ಕೊಟ್ಟುಬಿಟ್ಟರು. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಒಂದೇ ಷರತ್ತು: ನೀವು ತಿದ್ದಿದ್ದನ್ನು ಹಂಚುವಾಗ ಇದೇ ಹಕ್ಕುಗಳ ಜೊತೆ ಹಂಚಬೇಕು, ಬೀಗ ಹಾಕುವಂತಿಲ್ಲ.

ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹೈಬ್ರಿಡ್ ಬೀಜ ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ನಾಟಿ ಬೀಜ ಹಾಗಲ್ಲ. ಪಕ್ಕದ ಮನೆಯವರಿಂದ ಒಂದು ಸೇರು ತಂದು ಬಿತ್ತುತ್ತೀರಿ, ಚೆನ್ನಾಗಿ ಬಂದದ್ದನ್ನು ಆರಿಸಿ ಇಡುತ್ತೀರಿ, ಕೇಳಿದವರಿಗೆ ಕೊಡುತ್ತೀರಿ. ಮುಕ್ತ ತಂತ್ರಾಂಶ ನಾಟಿ ಬೀಜ ಇದ್ದ ಹಾಗೆ.

ಕೊಹಾ ಅನ್ನುವುದು ಅಲ್ಲಿನ ಮೂಲನಿವಾಸಿ ಮಾವೋರಿಗಳ ಮಾತು. ಉಡುಗೊರೆ ಅಂತ ಅರ್ಥ. ಬರೀ ಉಡುಗೊರೆ ಅಲ್ಲ. ಅತಿಥಿಗಳು ಬರುವಾಗ ತರುವುದು, ಮುಂದೆ ಆ ಮನೆಯವರು ಇವರಲ್ಲಿಗೆ ಹೋಗುವಾಗ ಒಯ್ಯುವುದು. ಹೋಗಿ ಬರುವ ಉಡುಗೊರೆ. ಗ್ರಂಥಪಾಲಕರು ಇದನ್ನು ಹೇಳಿದ ಕೂಡಲೇ ನಮ್ಮ ಬಾಯಿಂದ ಒಟ್ಟಿಗೆ ಬಂದ ಮಾತು: "ಮುಯ್ಯಿ!"

ನಿಮ್ಮ ಮನೆಯಲ್ಲೂ ಮುಯ್ಯಿ ಬರೆದ ಪುಸ್ತಕ ಇರುತ್ತದೆ. ಮದುವೆ ಚಪ್ಪರದ ಬಾಗಿಲಲ್ಲಿ ಒಬ್ಬರು ಕೂತು, ಇಂಥವರು 101, ಇಂಥವರು ಒಂದು ಕೊಳದಪ್ಪಲೆ ಅಂತ ಬರೆಯುತ್ತಾರೆ. ಅವರ ಮನೆ ಮದುವೆ ಬಂದಾಗ ಆ ಪುಸ್ತಕ ತೆಗೆಯುತ್ತೇವೆ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವುದೂ ಇದೇ ಲೆಕ್ಕ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆ ದೂರದ ಊರಿನವರು ಹಾಕಿದ ಮುಯ್ಯಿ ಇವತ್ತು ಅನೇಕ ದೇಶಗಳ ಸಾವಿರಾರು ಗ್ರಂಥಾಲಯಗಳಲ್ಲಿದೆ. ಅವುಗಳಲ್ಲಿ ಕೆಲವು ತಪ್ಪು ತಿದ್ದುತ್ತವೆ, ಕೆಲವು ತಮ್ಮ ಭಾಷೆಗೆ ತರುತ್ತವೆ, ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಮುಂದೆ ಒಂದು ಅಮೆರಿಕನ್ ಕಂಪನಿ ಕೊಹಾ ಎಂಬ ಹೆಸರನ್ನೇ ನ್ಯೂಜಿಲೆಂಡಿನಲ್ಲಿ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಾಗ ಹೊರೊಫೆನುವಾದವರು ತಕರಾರು ಹಾಕಿದರು. ಬೇರೆ ಬೇರೆ ದೇಶದವರು ಬೆಂಬಲಕ್ಕೆ ದುಡ್ಡು ಕಳಿಸಿದರು. ಕೊನೆಗೆ ಹೆಸರು ಉಳಿಯಿತು. ಮುಯ್ಯಿ ತೀರಿಸಿದ್ದು ಹಾಗೆ.

ಇಷ್ಟು ಕೇಳಿ ಖುಷಿಯಿಂದ ಊರಿಗೆ ಬಂದೆವು. ಉಚಿತ ಅಂದರೆ ಸಲೀಸು ಅಂತಲ್ಲ ಅನ್ನುವುದು ಮುಂದಿನ ಎರಡು ಭಾನುವಾರದಲ್ಲಿ ಗೊತ್ತಾಯಿತು.

ಕೊಹಾ ಓಡುವುದು ಲಿನಕ್ಸಿನಲ್ಲಿ. ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದೆವು. ಅರ್ಧ ಇನ್‌ಸ್ಟಾಲ್ ಆಗುವಾಗ ಕರೆಂಟ್ ಹೋಯಿತು. ಮತ್ತೆ ಮೊದಲಿಂದ. ಎರಡನೇ ಸಲ ಫೋನಿನ ಡಾಟಾ ಮುಗಿಯಿತು. ಮೂರನೇ ಸಲ ಪಕ್ಕದ ಅಕ್ಕಿ ಗಿರಣಿಯವರ ಯುಪಿಎಸ್ ಎರವಲು ತಂದು ಮುಗಿಸಿದೆವು. ಸಿಕ್ಕಿಬಿದ್ದಾಗಲೆಲ್ಲ ಗ್ರಂಥಪಾಲಕರಿಗೆ ವಿಡಿಯೋ ಕಾಲ್. ಅವರು ಒಂದು ರೂಪಾಯಿ ತೆಗೆದುಕೊಂಡಿಲ್ಲ.

ಪುಸ್ತಕಕ್ಕೊಂದು ದಾಖಲೆ ಮಾಡಬೇಕು. ಗ್ರಂಥಾಲಯದವರು ಇದಕ್ಕೆ ಮಾರ್ಕ್ ಎಂಬ ಪದ್ಧತಿ ಇಟ್ಟಿದ್ದಾರೆ. ಪ್ರತಿ ವಿಷಯಕ್ಕೂ ಒಂದು ಮನೆ, ಮನೆಗೊಂದು ನಂಬರು. 100ರಲ್ಲಿ ಬರೆದವರ ಹೆಸರು, 245ರಲ್ಲಿ ಪುಸ್ತಕದ ಹೆಸರು, 500ರಲ್ಲಿ ಟಿಪ್ಪಣಿ. ಮೊದಲು ತಲೆ ತಿರುಗಿತು, ಆಮೇಲೆ ಪಹಣಿ ಓದುವ ಹಾಗೆ ರೂಢಿಯಾಯಿತು. ಈಗಿನ ಪುಸ್ತಕಗಳಾದರೆ ಹಿಂದಿನ ಐಎಸ್‌ಬಿಎನ್ ನಂಬರು ಹೊಡೆದರೆ ಬೇರೆ ಗ್ರಂಥಾಲಯ ಮಾಡಿಟ್ಟ ದಾಖಲೆಯೇ ಬಂದುಬಿಡಬಹುದು. ನಮ್ಮ ಬೀರುವಿನ ಪುಸ್ತಕಗಳಿಗೆ ಆ ನಂಬರೇ ಇಲ್ಲ. ಒಂದೊಂದನ್ನೂ ಕೈಯಲ್ಲೇ ಮಾಡಬೇಕಾಯಿತು. ಸಂಜೆಗೆ 20 ಆದರೆ ಹೆಚ್ಚು.

ಒಂದು ವಿಷಯದಲ್ಲಿ ಹಟ ಹಿಡಿದೆವು. ಹೆಸರು ಕನ್ನಡ ಅಕ್ಷರದಲ್ಲೇ ಇರಬೇಕು. 2000ದ ಆಸುಪಾಸಿನಲ್ಲಿ ಶುರುವಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ದೊಡ್ಡ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿವೆ. ಅವುಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಈಗಲೂ ಸಿಗುತ್ತವೆ, ನಾವೂ ಓದಿದ್ದೇವೆ, ಅದು ದೊಡ್ಡ ಉಪಕಾರ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರಿಂದ ಎಷ್ಟೋ ಪುಸ್ತಕ ಇದ್ದೂ ಕಣ್ಣಿಗೆ ಬೀಳುವುದಿಲ್ಲ. ಪುಸ್ತಕ ಇಡುವುದು ಒಂದು ಕೆಲಸ, ಕೇಳಿದಾಗ ಸಿಗುವ ಹಾಗೆ ಇಡುವುದು ಇನ್ನೊಂದು ಕೆಲಸ.

ಶ್ರಾವಣದ ಹೊತ್ತಿಗೆ 612 ಪುಸ್ತಕ ಆದವು. ಲೆಕ್ಕದ ಪುಸ್ತಕದ ಪ್ರಕಾರ ಇರಬೇಕಾದ್ದು 1,140. ಉಳಿದದ್ದು ಗೆದ್ದಲಿಗೆ, ಓದಲು ಒಯ್ದು ತಾರದವರಿಗೆ.

ಆಮೇಲೆ ಪತ್ರಿಕೆಯ ಕಟ್ಟು. ಪಟ್ಟಿ ಮಾಡಿದರೆ ಸಾಲದು, ಪುಟಗಳನ್ನೇ ಉಳಿಸಬೇಕು. ಅಷ್ಟರಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಹಳೆ ಪತ್ರಿಕೆಯ ಕಾಗದ ಮರದ ತಿರುಳಿನದು, ಅದರಲ್ಲೇ ಹುಟ್ಟುವ ಹುಳಿಯಿಂದ ಅದೇ ಸಾಯುತ್ತದೆ. ಆ ಪತ್ರಿಕೆ ನಡೆಸುತ್ತಿದ್ದವರು ತೀರಿಕೊಂಡಿದ್ದಾರೆ, ಅವರ ಮಗ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡೆವು. ಪುಸ್ತಕಗಳ ವಿಷಯ ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ಮನೆಯವರದು, ಅಥವಾ ಅವರು ಬರೆದುಕೊಟ್ಟವರದು. ಹಾಗಾಗಿ ಹೆಚ್ಚಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಲಿಲ್ಲ, ಪಟ್ಟಿಗೆ ಮಾತ್ರ ಸೇರಿಸಿದೆವು.

ಸ್ಕ್ಯಾನರ್ ಅಂದರೆ ನಮ್ಮದು ಒಂದು ಫೋನು, ಪ್ಲೈವುಡ್ಡಿನಲ್ಲಿ ಬಡಗಿ ಮಾಡಿಕೊಟ್ಟ ಸ್ಟ್ಯಾಂಡು, ಎರಡು ಕಡೆ ಎರಡು ಟ್ಯೂಬ್‌ಲೈಟು, ಪುಟ ಅಲುಗದಂತೆ ಒತ್ತಲು ಒಂದು ಗಾಜು. ಸ್ಕ್ಯಾನ್ ಟೈಲರ್ ಎಂಬ ಉಚಿತ ತಂತ್ರಾಂಶ ಓರೆ ಪುಟವನ್ನು ನೇರ ಮಾಡುತ್ತದೆ, ಅಂಚು ಕತ್ತರಿಸುತ್ತದೆ, ಕಲೆ ತೆಗೆಯುತ್ತದೆ. ಹೆಸರಿಗೆ ತಕ್ಕ ದರ್ಜಿ.

ಅದಾದ ಮೇಲೆ ಟೆಸೆರಾಕ್ಟ್. ಇದು ಚಿತ್ರದಲ್ಲಿರುವ ಅಕ್ಷರ ಓದಿ ಬರಹ ಮಾಡಿಕೊಡುತ್ತದೆ. ಎಚ್‌ಪಿ ಕಂಪನಿ 1985ರಿಂದ ಸುಮಾರು ಹತ್ತು ವರ್ಷ ಇದರ ಕೆಲಸ ಮಾಡಿ ಕೈಬಿಟ್ಟಿತ್ತು. 2005ರಲ್ಲಿ ಎಲ್ಲರಿಗೂ ತೆರೆದುಕೊಟ್ಟಿತು. ಆಮೇಲೆ ಗೂಗಲ್ ಬೆಳೆಸಿತು. ಕನ್ನಡವನ್ನೂ ಓದುತ್ತದೆ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಮಸಿ ಹರಡಿದ ಪುಟದಲ್ಲಿ ಮ ಯಾವುದು ವು ಯಾವುದು ಅಂತ ಅದಕ್ಕೆ ಗೊಂದಲ. ಒತ್ತಕ್ಷರ ಕಂಡರೆ ಎಡವುತ್ತದೆ. "ದನದ ಜಾತ್ರೆ" ಅನ್ನುವುದನ್ನು "ಧನದ ಜಾತ್ರೆ" ಅಂತ ಓದಿ ನಮ್ಮೂರಿಗೆ ಎಲ್ಲಿಲ್ಲದ ಶ್ರೀಮಂತಿಕೆ ತಂದಿತ್ತು. ಕೂತು ತಿದ್ದಿದೆವು.

ಹೀಗೆ ತಿದ್ದುವಾಗ 1983ರ ಒಂದು ಸಂಚಿಕೆಯ ಮೂರನೇ ಪುಟ ಬಂತು.

ಒಂದು ಕಾಲಮ್ಮಿನ ಸುದ್ದಿ. ನಮ್ಮೂರಿನದು. ಬೇಸಿಗೆಯಲ್ಲಿ ಕೆಳಗಿನ ಕೇರಿಯ ಮನೆಯೊಂದರ ಹೆಂಗಸು ಊರ ಬಾವಿಯಿಂದ ನೀರು ಸೇದಿದ್ದಕ್ಕೆ ಇಡೀ ಮನೆಗೆ ಬಹಿಷ್ಕಾರ ಹಾಕಿದ್ದು, ಅಂಗಡಿಯಲ್ಲಿ ಸಾಮಾನು ಕೊಡದಿದ್ದು, ಆಮೇಲೆ ಪೊಲೀಸರು ಬಂದು ರಾಜಿ ಮಾಡಿಸಿದ್ದು. ಆ ಮನೆಯವರ ಹೆಸರು, ಜಾತಿ ಎಲ್ಲ ಇತ್ತು. ಬಹಿಷ್ಕಾರ ಹಾಕಿದವರ ಹೆಸರಿನ ಜಾಗದಲ್ಲಿ ಎರಡೇ ಪದ: ಊರ ಹಿರಿಯರು.

ಕೆಳಗೆ ವರದಿಗಾರರ ಹೆಸರು. ನಮ್ಮ ಮೇಷ್ಟ್ರು.

ಅವರು ಆ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದರು ಅಂತ ಗೊತ್ತಿತ್ತು. ನಾವು ಪತ್ರಿಕೋದ್ಯಮ ಓದಲು ಹೋಗಿದ್ದೇ ಅವರನ್ನು ನೋಡಿ. ಅವತ್ತು ಸಂಜೆ ಮೂವರೂ ಸುಮ್ಮನೆ ಕೂತಿದ್ದೆವು. ಟ್ಯೂಬ್‌ಲೈಟು ಆರಿಸಲೂ ಮನಸ್ಸಾಗಲಿಲ್ಲ.

ಈಗ ಏನು ಮಾಡಬೇಕು? ಟ್ರಂಕಿನಲ್ಲಿದ್ದಾಗ ಆ ಸುದ್ದಿ ಮಲಗಿತ್ತು. ಹುಡುಕುವಂತೆ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ, ಆ ಮನೆಯ ಮೊಮ್ಮಗಳು ನಾಳೆ ಕೆಲಸಕ್ಕೆ ಅರ್ಜಿ ಹಾಕಿದಾಗ ಯಾರೋ ಮನೆತನದ ಹೆಸರು ಹೊಡೆದು ನೋಡಿದರೆ, ಮೊದಲು ಬರುವುದು ಇದೇ. ಹಾಕದೆ ಬಿಟ್ಟರೆ ಊರಿನಲ್ಲಿ ಹೀಗೊಂದು ನಡೆದೇ ಇಲ್ಲ ಅಂತಾಗುತ್ತದೆ. ನಮ್ಮಲ್ಲೊಬ್ಬ ಆ ಪುಟ ಬಿಟ್ಟುಬಿಡೋಣ ಅಂದ. ಇನ್ನೊಬ್ಬಳು, ಬಿಟ್ಟರೆ ನಾವೂ "ಊರ ಹಿರಿಯರು" ಆಗುತ್ತೇವೆ ಅಂದಳು. ಮೂರು ದಿನ ಜಗಳ ಆಡಿದೆವು. ತಂತ್ರಾಂಶದಲ್ಲಿ ಇದಕ್ಕೆ ಬಟನ್ ಇಲ್ಲ.

ಕೊನೆಗೆ ಹೊಳೆದದ್ದು ತೀರಾ ಸರಳ. ಅವರನ್ನೇ ಕೇಳಬೇಕು.

ನೀರು ಸೇದಿದ ಆ ತಾಯಿ ಈಗಲೂ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಫೋನಿನಲ್ಲಿ ಆ ಪುಟ ತೋರಿಸಿ ಓದಿ ಹೇಳಿದೆವು. ಅವರು ಒಂದು ಸಲ ಪೂರ್ತಿ ಕೇಳಿದರು. ಇನ್ನೊಂದು ಸಲ ಓದಿಸಿದರು. ಆಮೇಲೆ ಅಂದರು, "ಹಾಕ್ರಪ್ಪಾ. ನಮ್ಮ ಹೆಸರಿದ್ರೆ ನಮಗೇನು ನಾಚ್ಕೆ? ನಾವೇನ್ ಕದ್ದಿದ್ವಾ, ನೀರು ಸೇದಿದ್ವಿ. ಆದ್ರೆ ನಮ್ಮ ಹೆಸರು ಮಾತ್ರ ಯಾಕೈತೆ? ಬ್ಯಾಡ ಅಂದೋರಿಗೆ ಹೆಸರಿರಲಿಲ್ವಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವರ ಮೊಮ್ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳು ಕೇಳಿದ್ದು ಬೇರೆ: "ಜಾತಿ ಹೆಸರು ಹೊಡೆದರೆ ನಮ್ಮ ಮನೆ ಸಿಗಬಾರದು. ಊರಿನ ಹೆಸರು ಹೊಡೆದರೆ ಸಿಗಲಿ." ಎಷ್ಟು ಸರಿಯಾದ ಮಾತು ಅಂದರೆ, ನಮಗೆ ಮೂರು ದಿನದಲ್ಲಿ ಹೊಳೆಯದ್ದು ಅದು.

ಅಲ್ಲಿಂದ ಅಜ್ಜಿಯ ಮನೆಗೆ ಹೋದೆವು. ಹೇಳದೆ ಇರುವುದು ಸರಿಯಲ್ಲ ಅನಿಸಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿ, ಫೋನು ವಾಪಸ್ ಕೊಟ್ಟರು. "ಇಷ್ಟು ಬರೆದಿದ್ದಕ್ಕೇ ಎರಡು ತಿಂಗಳು ನಮ್ಮ ಮನೆಗೆ ಹಾಲು ಹಾಕಲಿಲ್ಲ. ಹೆಸರು ಬರೀಬೇಕು ಅಂತ ಕೂತಿದ್ರು. ನಾನೇ ಬೇಡ ಅಂದೆ. ಹುಡುಗರು ಚಿಕ್ಕವರಿದ್ದರು." ಸ್ವಲ್ಪ ಹೊತ್ತು ಬಿಟ್ಟು, "ಅದನ್ನೂ ಬರ್ಕೊಳ್ಳಿ" ಅಂದರು.

ಹಳ್ಳಿಯಲ್ಲಿದ್ದು ಸುದ್ದಿ ಬರೆಯುವವರಿಗೆ ಇದು ಅರ್ಥವಾಗುತ್ತದೆ. ಪೇಟೆಯ ವರದಿಗಾರ ಬರೆದು ಬಸ್ ಹತ್ತುತ್ತಾನೆ. ನಾವು ಬರೆದು ಅದೇ ಅಂಗಡಿಗೆ ಸಕ್ಕರೆ ತರಲು ಹೋಗಬೇಕು. ನಮ್ಮ ಫೋನಿನಲ್ಲೂ ಹೆಸರು ತೆಗೆದು ಕಳಿಸಿದ ಸುದ್ದಿಗಳು ಎಷ್ಟಿವೆ ಅಂತ ಮೂವರಿಗೂ ಗೊತ್ತು. 1843ರ ಜುಲೈ 1ರಂದು ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಶುರು ಮಾಡಿದ ಮಂಗಳೂರ ಸಮಾಚಾರವೇ ಕನ್ನಡದ ಮೊದಲ ಪತ್ರಿಕೆ, ಆ ದಿನವನ್ನೇ ನಾವು ಪತ್ರಿಕಾ ದಿನ ಮಾಡುತ್ತೇವೆ. ಪ್ರತಿ ಜುಲೈಯಲ್ಲಿ ಭಾಷಣ ಕೇಳುತ್ತೇವೆ. ಈ ಸಲ ಆ ದಿನ ನಾವು ಭಾಷಣಕ್ಕೆ ಹೋಗಲಿಲ್ಲ. ಆ ಪುಟದ ದಾಖಲೆ ಮುಗಿಸಿದೆವು.

ಹೀಗೆ ಮಾಡಿದ್ದೇವೆ. ಪುಟದ ಚಿತ್ರ ಇದ್ದ ಹಾಗೇ ಇದೆ, ಒಂದು ಅಕ್ಷರ ಅಳಿಸಿಲ್ಲ. ಹುಡುಕುವ ಪಠ್ಯದಲ್ಲಿ ಆ ಮನೆಯವರ ಹೆಸರು ಮತ್ತು ಜಾತಿ ತೆಗೆದಿದ್ದೇವೆ. ಊರು, ಇಸವಿ, ಬಾವಿ, ಬಹಿಷ್ಕಾರ ಎಂದು ಹುಡುಕಿದರೆ ಪುಟ ಸಿಗುತ್ತದೆ. 500ನೇ ಮನೆಯ ಟಿಪ್ಪಣಿಯಲ್ಲಿ ಆ ತಾಯಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿದ್ದೇವೆ. ಅದರ ಕೆಳಗೆ ಅಜ್ಜಿ ಹೇಳಿದ್ದು. ಬಹಿಷ್ಕಾರ ಹಾಕಿದವರ ಹೆಸರನ್ನು ಆ ತಾಯಿ ನಮಗೆ ಹೇಳಿದ್ದಾರೆ. ಅದನ್ನು ಇನ್ನೂ ಬರೆದಿಲ್ಲ. ಕೆಲವರು ತೀರಿಹೋಗಿದ್ದಾರೆ, ಒಬ್ಬರ ಮಗ ನಮ್ಮ ಸ್ನೇಹಿತ. ಅವನ ಜೊತೆ ಒಂದು ಸಲ ಮಾತಾಡಿದ್ದೇವೆ. ಅವನು ಉತ್ತರ ಹೇಳದೆ ಎದ್ದು ಹೋದ. ಇನ್ನೊಂದು ಸಲ ಹೋಗಬೇಕು. ಇದರಲ್ಲಿ ನಾವು ಮೇಷ್ಟ್ರಿಗಿಂತ ಧೈರ್ಯವಂತರು ಅಂತ ಹೇಳುವ ಸ್ಥಿತಿಯಲ್ಲಿ ಇಲ್ಲ.

ಇನ್ನೊಂದು ಸಂಗತಿ. ಆ ಮೂರು ಲೆಕ್ಕದ ಪುಸ್ತಕಗಳಲ್ಲಿ ಒಂದು ವಾಚನಾಲಯದ ಸದಸ್ಯರ ಪಟ್ಟಿ. 25 ವರ್ಷದಲ್ಲಿ 318 ಹೆಸರು. ಅದನ್ನು ಕೊಹಾಕ್ಕೆ ಏರಿಸುವಾಗ ಕೇರಿವಾರು ಒಂದು ಪಟ್ಟಿ ತೆಗೆದೆವು. ಕೆಳಗಿನ ಕೇರಿಯಿಂದ ಒಂದೂ ಇಲ್ಲ. ಪುಟ ತಿರುವುತ್ತಾ ಹೋಗಿದ್ದರೆ ನಮಗೆ ಇದು ಕಾಣುತ್ತಲೇ ಇರಲಿಲ್ಲ, ಇದ್ದ ಹೆಸರು ಕಾಣುತ್ತದೆ, ಇಲ್ಲದ್ದು ಎಲ್ಲಿ ಕಾಣುತ್ತದೆ? ಮುಯ್ಯಿ ಪುಸ್ತಕದಲ್ಲೂ ಅಷ್ಟೇ. ಕರೆಯದವರ ಹೆಸರು ಅದರಲ್ಲಿ ಇರುವುದಿಲ್ಲ.

ಈಗ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ, ಒಂದು ಗೋಡೆಗೆ ಬೀರು ಇಟ್ಟುಕೊಳ್ಳಲು ಜಾಗ ಕೊಟ್ಟಿದ್ದಾರೆ. 612 ಪುಸ್ತಕ ಅಲ್ಲಿವೆ. ಮೊದಲ ಪುಸ್ತಕ ಒಯ್ದವಳು ಆ ಮೊಮ್ಮಗಳು. ವಾಪಸ್ ತರುವುದು ನಾಲ್ಕು ದಿನ ತಡವಾಯಿತು. ದಂಡ ಹಾಕಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಟ್ರಂಕು ಇರಬಹುದು. ಕೆಲವು ಮಾತು ಹೇಳಿ ಮುಗಿಸುತ್ತೇವೆ, ತಪ್ಪು ಮಾಡಿ ಕಲಿತದ್ದು. ಹಳೆ ಕಾಗದವನ್ನು ಬಿಸಿಲಿಗೆ ಹರಡಬೇಡಿ, ನೆರಳಲ್ಲಿ ಗಾಳಿಗೆ ಇಡಿ. ಹರಿದದ್ದಕ್ಕೆ ಸೆಲ್ಲೋಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಗೆದ್ದಲು ಹಿಡಿದದ್ದನ್ನು ಉಳಿದವುಗಳಿಂದ ಬೇರೆ ಇಡಿ. ಫೋನಿನಲ್ಲೇ ಫೋಟೋ ತೆಗೆಯಿರಿ, ಆದರೆ ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಎರಡು ಕಡೆ ಪ್ರತಿ ಇಡಿ, ಒಂದು ನಿಮ್ಮ ಮನೆಯಲ್ಲಿ ಇನ್ನೊಂದು ಬೇರೆ ಊರಿನಲ್ಲಿ. ಯಾವ ಫೈಲೂ ತೆರೆಯಲಿಲ್ಲ ಅಂತ ಅಳಿಸಬೇಡಿ. ಎಲ್ಲಕ್ಕಿಂತ ಮೊದಲು, ಅದರ ಕಥೆ ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಫೋನಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿ ಕೂರಿ. ಪುಸ್ತಕ ಇನ್ನೊಂದು ಮಳೆಗಾಲ ಕಾದರೂ ಕಾದೀತು.

ನಮ್ಮ ಸ್ಟ್ಯಾಂಡು, ಗಾಜು, ಟ್ಯೂಬ್‌ಲೈಟು ಮಾಡಿಟ್ಟದ್ದು ಹಾಗೇ ಇವೆ. ಕಾಲೇಜಿನ ಗ್ರಂಥಪಾಲಕರ ಹತ್ತಿರ ಹಳೆಯ ಸ್ಮರಣ ಸಂಚಿಕೆಗಳ ದೊಡ್ಡ ರಾಶಿ ಇದೆಯಂತೆ. ಬರುವ ಭಾನುವಾರ ಮೂವರೂ ಅಲ್ಲಿಗೆ ಮುಯ್ಯಾಳು ಹೋಗುತ್ತಿದ್ದೇವೆ.